ಕಡ್ಡಿಪೆಟ್ಟಿಗಿ ಹೋಗಿ ಡಬ್ಬಿ ಬಂದ ಮ್ಯಾಲ

ಸಿಟ್ಟು ಮಾಡ್ಕೋಬ್ಯಾಡ್ರಿ ಅಂತ ನನ್ನ ಹೆಂಡ್ತಿ ಈಗೂ ಹೇಳ್ತಾಳ. ಹೇಳಾಕೇನು, ನಾಲಿಗಿಗೆ ಎಲುಬಿಲ್ಲ. ರಾಣೆಬೆನ್ನೂರಾಗ ಹಳೇ ಕಾರು ಇಟ್ಕೊಂಡು ಬಾಡಿಗಿ ಹೊಡದವಗ ಸಿಟ್ಟು ಬರಂಗಿಲ್ಲಂದ್ರ ಅವನ ಮೈಯಾಗ ರಕ್ತ ಇಲ್ಲಂತ ತಿಳೀರಿ. ಒಂದು ಫಜೀತಿ ಮುಗೀತು ಅಂತ ಚಾ ಕುಡ್ಯಾಕ ಕುಂತ್ರ, ಕಪ್ಪು ಖಾಲಿ ಆಗೂದ್ರಾಗ ಇನ್ನೊಂದು ಬಂದು ಎದುರಿಗೆ ನಿಂತಿರ್ತಿತ್ತು. ತೊಂಬತ್ತರ ಆಸುಪಾಸಿನ ಮಾತಿವು. ಈಗ ನೆನಸ್ಕೊಂಡ್ರೂ ಮೈ ಉರೀತದ.

ಕಡ್ಡಿಪೆಟ್ಟಿಗಿ

ನನ್ನ ಕರಿ ಕಾರಿನ ಇಂಜಿನ್ನಿನ್ಯಾಗ ಪಾಯಿಂಟ್ ಅಂತ ಒಂದು ಜೋಡಿ ಸಣ್ಣ ಲೋಹದ ತುಂಡು ಇದ್ವು. ಅವು ಮುಟ್ಟಿ ಬಿಟ್ಟು, ಮುಟ್ಟಿ ಬಿಟ್ಟು ಮಾಡಿದ್ರನ ಕಿಡಿ ಹುಟ್ಟಬೇಕು, ಗಾಡಿ ಓಡಬೇಕು. ಅವಕ್ಕ ಕರಕ ಹಿಡೀತಂದ್ರ ಗಾಡಿ ನಿಂತ್ಬಿಡ್ತಿತ್ತು. ಆಮ್ಯಾಲ ಇಳದು, ಬಾನೆಟ್ಟಿಗೆ ಕಟ್ಟಿದ್ದ ಹಗ್ಗ ಬಿಚ್ಚಿ, ಕಡ್ಡಿಪೆಟ್ಟಿಗಿಯ ಕಡ್ಡಿ ಗೀರೂ ಬಾಜೂನಿಂದ ಅವನ್ನ ತಿಕ್ಕಬೇಕು. ನಮ್ಮ ಕಡೆ ಡ್ರೈವರನ ಕಿಸೆದಾಗ ಕಡ್ಡಿಪೆಟ್ಟಿಗಿ ಇತ್ತಂದ್ರ ಅವ ಬೀಡಿ ಸೇದ್ತಾನಂತ ಅಲ್ಲ, ಅವನ ಗಾಡಿ ಹಳೇದಂತ.

ನನಗ ಖಾಯಂ ಬಾಡಿಗಿ ಇದ್ದಿದ್ದು ಒಂದ. ನಮ್ಮೂರಿನ ಒಬ್ಬ ಮೆಣಸಿನಕಾಯಿ ಸಾವಕಾರ್ರನ್ನ ಪ್ಯಾಟಿ ದಿವಸ ಬ್ಯಾಡಗಿಗೆ ಒಯ್ಯೂದು, ಕರಕೊಂಡು ಬರೂದು. ಅದರ ಮ್ಯಾಲ ನನ್ನ ಮನಿ ಒಲಿ ಹತ್ತತಿತ್ತು. ಗಾಡಿಗೆ ಅದು ಹೆಂಗ ತಿಳೀತಿತ್ತೋ ಏನೋ. ಬ್ಯಾರೆ ಯಾರು ಕುಂತ್ರೂ ಕುದರಿ ಹಂಗ ಓಡ್ತಿತ್ತು, ಸಾವಕಾರ್ರು ಕುಂತ್ರ ಮೋಟೆಬೆನ್ನೂರ ಕ್ರಾಸಿನ್ಯಾಗ ನಿಂತ್ಬಿಡ್ತಿತ್ತು.

ಒಂದಿನ ಹಂಗ ನಿಂತಾಗ ಬಸ್ಸಿಗೆ ಕಾಯೂ ಮಂದಿಯೆಲ್ಲಾ ಬಂದು ಸುತ್ತ ನಿಂತ್ರು. ಒಬ್ಬ ದಬ್ಬು ಅಂದ, ಒಬ್ಬ ನೀರು ಹಾಕು ಅಂದ, ಒಬ್ಬ ಮುದುಕ ದೃಷ್ಟಿ ಆಗೇತಿ, ಲಿಂಬಿಹಣ್ಣು ಇಳಿ ತಗಿ ಅಂದ. ಅವನ ಮನಿಯಾಗ ಸೈಕಲ್ ಸುದ್ದಾ ಇರಲಿಲ್ಲ. ಒಳಗ ಕುಂತ ಸಾವಕಾರ್ರು ಒಂದ ಮಾತು ಹೇಳಿದ್ರು.

"ತಮ್ಮಾ, ಅಲ್ಲಿ ಟೆಂಡರ್ ಮುಗದು ಹೋಗ್ತದ. ಇನ್ನೊಮ್ಮೆ ನಿಂತ್ರ ನಾ ನಮ್ಮೂರ ಸ್ಟ್ಯಾಂಡಿನ ಜೀಪಿನವನ್ನ ನೋಡ್ಕೋತೀನಿ."

ನನಗ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನ್ಯಾಗ ತಿಕ್ಕಿದ್ದಕ್ಕ ಕಡ್ಡಿಪೆಟ್ಟಿಗಿನ ಹರದು ಕೈಯಾಗ ಬಂತು. ಸಾವಕಾರ್ರು ಕಿಡಕ್ಯಾಗಿಂದ ಕೈ ಚಾಚಿ ತಮ್ಮದೊಂದು ಕೊಟ್ರು. ಅವರು ಬೀಡಿ ಮುಟ್ಟಿದವರಲ್ಲ. ನನ್ನ ಗಾಡಿಗಂತನ ಕಿಸೆದಾಗ ಇಟ್ಕೊಂಡು ಅಡ್ಡಾಡ್ತಿದ್ರಂತ.

ಹಾವೇರಿ ಚಾಚಾ

ಸಾವಕಾರ್ರ ಆ ಜೀಪಿನ ಮಾತು ಎದಿಗೆ ನಟ್ಟಿತ್ತು. ಪಾಯಿಂಟ್ ತಗದು ಎಲೆಕ್ಟ್ರಾನಿಕ್ ಡಬ್ಬಿ ಕುಂದ್ರಿಸಿದ್ರ ತಿಕ್ಕೂ ಕಾಟನ ಇರಂಗಿಲ್ಲ ಅಂತ ಕೇಳಿ, ಹುಬ್ಬಳ್ಳಿಯಿಂದ ಒಂದು ತರಿಸಿ ಹಾವೇರಿಗೆ ಹೋದೆ. ಅಲ್ಲಿ ಗ್ಯಾರೇಜಿನ ಚಾಚಾ ನಮ್ಮಪ್ಪನ ಕಾಲದಿಂದ ಈ ಗಾಡಿ ನೋಡಿದವ. ಡಬ್ಬಿಯನ್ನ ಮಗುಚಿ ಮಗುಚಿ ನೋಡಿ, ಇದಕ್ಕ ಒಂದು ಸ್ಕ್ರೂನೂ ಇಲ್ಲ, ಬಿಚ್ಚಾಕ ಬರಲಾರದ್ದನ್ನ ನಾ ಹೆಂಗ ನಂಬ್ಲಿ ಅಂತ ಮಾರಿ ಗಂಟು ಹಾಕಿದ. ಹೆಂಗೋ ಕಾಲು ಹಿಡದು ಕುಂದ್ರಿಸಿಕೊಂಡೆ. ಇದಕ್ಕ ಗಾಳಿ ಆಡಬೇಕು, ಕಾದ್ರ ನಿಂತ್ಬಿಡ್ತದ ಅಂತನೂ ಹುಬ್ಬಳ್ಳಿಯವರು ಹೇಳಿ ಕಳಿಸಿದ್ದು ಅವಗ ಹೇಳಿದೆ. ಡಬ್ಬಿಗೂ ಶೆಕಿ ಆಗ್ತದೇನು ಅಂತ ನಕ್ಕ.

ಕೀಲಿ ತಿರುವಿದೆ. ಮುಟ್ಟಿದ್ದಕ್ಕ ಗಾಡಿ ಚಾಲೂ ಆತು. ಕೆಮ್ಮಿಲ್ಲ, ನಡುಕಿಲ್ಲ. ನಾ ಕುಣದಾಡೂದೊಂದು ಬಾಕಿ. ಚಾಚಾನ ಮಾರಿ ಮಾತ್ರ ಬಾಡಿತ್ತು. ಬಂದ್ ಮಾಡು ಬಂದ್ ಮಾಡು ಅಂತ ಓಡಿ ಬಂದ.

"ಈ ಗಾಡಿ ಇಷ್ಟ ಲಗೂ ಚಾಲೂ ಆಗೂದಲ್ಲ. ಏನೋ ಕೆಟ್ಟೈತಿ" ಅಂದ.

ಬ್ಯಾಡ ಚಾಚಾ, ಬಿಡು ಚಾಚಾ ಅಂದ್ರೂ ಕೇಳಲಿಲ್ಲ. ಏನು ಕೆಟ್ಟೈತಿ ಅಂತ ಹುಡುಕಿ ಹುಡುಕಿ, ಸಂಜಿ ತನಕ ನನ್ನನ್ನ ಅಲ್ಲೇ ಕುಂದ್ರಿಸಿದ.

ದಬ್ಬೂ ಮಂದಿ

ನಮ್ಮ ಓಣಿಯಾಗ ಒಂದು ರೂಢಿ ಬಿದ್ದಿತ್ತು. ದಿನಾ ಮುಂಜಾನಿ ಮೂರು ನಾಕು ಮಂದಿ ಬಂದು ನನ್ನ ಗಾಡಿ ದಬ್ಬಿ ಚಾಲೂ ಮಾಡಿ ಕೊಡವ್ರು, ಆಮ್ಯಾಲ ನಮ್ಮ ಕಟ್ಟಿ ಮ್ಯಾಲ ಕುಂತು ಚಾ ಕುಡಿಯವ್ರು. ಡಬ್ಬಿ ಬಂದ ಮರುದಿನ ನಾ ಕೀಲಿ ತಿರುವಿ ಹೊಂಟೆ. ಅವರು ಹೆಗಲ ಮ್ಯಾಲ ಟವೆಲ್ ಹಾಕ್ಕೊಂಡು ಹಂಗ ನಿಂತಿದ್ರು. ಅವರಾಗ ಒಬ್ಬ ಟೇಲರ್. ಹಂಗಾದ್ರ ನಾವು ಬ್ಯಾಡಾದ್ವೇನು ಅಂತ ಕೇಳಿದ. ಹೂಂ, ನಿಮ್ಮ ನಿಮ್ಮ ಕೆಲಸ ನೋಡ್ಕೋರಿ ಅಂದೆ.

ಮರುದಿನ ಮತ್ತ ಹಾಜರ್. ಮುಂಜಾನಿ ಗಾಡಿ ದಬ್ಬಲಿಲ್ಲಂದ್ರ ಮೈ ಜಡ್ಡು ಹಿಡದಂಗ ಆಗ್ತದಂತ. ನಾ ಬ್ಯಾಡ ಅನ್ನೂದ್ರಾಗ ಹಿಂದ ಹೋಗಿ ಕೈ ಹಚ್ಚಿದ್ರು. ನಾ ಸಿಟ್ಟಿಲೆ ಕೀಲಿ ತಿರುವಿದೆ, ಗಾಡಿ ಜಿಗದು ಮುಂದ ಹೋತು, ಅಷ್ಟೂ ಮಂದಿ ಮಣ್ಣಿನ್ಯಾಗ ಮಕಾಡೆ ಬಿದ್ರು. ಎದ್ದು ಮಣಕಾಲು ಒರಸ್ಕೊಂತ ನೆಟ್ಟಗ ನಮ್ಮ ಕಟ್ಟಿಗೆ ಬಂದ್ರು. ಟೇಲರ್ ನನ್ನ ಹೆಂಡ್ತಿಗೆ ಹೇಳಿದ್ನಂತ, ಇವತ್ತು ಕೆಲಸ ಭಾಳ ಆತು ವೈನಿ, ಚಾದ ಜೋಡಿ ಚುರಮರಿನೂ ಕೊಡ್ರಿ ಅಂತ. ಆಕಿ ಕೊಟ್ಟಳು ಖರೇ.

ಹೆಂಡ್ತಿ ತಮ್ಮ

ನನಗ ಜ್ವರ ಬಂದಾಗ ಗಾಡಿ ಹೊಡಿಯಾಂವ ನನ್ನ ಹೆಂಡ್ತಿ ತಮ್ಮ. ಒಂದು ಮದಿವಿ ಬಾಡಿಗಿಗೆ ಗುತ್ತಲಕ್ಕ ಹೋಗಿ ಬಂದ. ನೋಡಿದ್ರ ಡಬ್ಬಿ ಫಳಾಫಳಾ ಹೊಳ್ಯಾಕತ್ತಿತ್ತು. ಅದರ ಮ್ಯಾಲಿನ ಕರಿ ಬಣ್ಣನೂ ಇಲ್ಲ, ಬರದಿದ್ದ ಅಕ್ಷರನೂ ಇಲ್ಲ. ಏನು ಮಾಡಿದ್ಯೋ ಅಂತ ಜ್ವರದಾಗನ ಎದ್ದು ಕುಂತೆ.

"ಮಾವಾ, ಒಳಗ ತಿಕ್ಕಾಕ ಏನೂ ಇಲ್ಲ. ಅದಕ್ಕ ಹೊರಗಿಂದ ತಿಕ್ಕೇನಿ" ಅಂದ.

ದಬ್ಬಣ

ಇದನ್ನ ಹೇಳದಿದ್ರ ನನ್ನ ಹೊಟ್ಟಿ ತಣ್ಣಗಾಗಂಗಿಲ್ಲ.

ಸುಗ್ಗಿ ದಿನ. ಬ್ಯಾಡಗಿ ಪ್ಯಾಟಿಯಾಗ ಮೆಣಸಿನಕಾಯಿ ಘಾಟು, ಮಂದಿ ಸೀನಿ ಸೀನಿ ಹಣ್ಣಾಗಿದ್ರು. ಅವತ್ತು ಸಂಜಿಗೆ ಸಾವಕಾರ್ರ ಮಗಳನ್ನ ನೋಡಾಕ ಬೀಗರು ಬರವ್ರಿದ್ರು. ಸಾವಕಾರ್ರಿಗೆ ಒಂದ ಚಿಂತಿ, ಗಾಡಿ ನಿಲ್ಲಬಾರದು. ಆ ಡಬ್ಬಿ ಎಲ್ಲೈತಿ ತೋರಸು ಅಂದ್ರು. ನಾ ಹೆಮ್ಮಿಲೆ ಬಾನೆಟ್ ಎತ್ತಿ ತೋರಿಸಿದೆ. ಈ ಘಾಟು, ಧೂಳು ಒಳಗ ಹೊಕ್ರ ಅಂತ ಕೇಳಿದ್ರು. ಏನೂ ಆಗಂಗಿಲ್ರಿ ಅಂತ ಹೇಳಿ ನಾ ಗಿರ್ಮಿಟ್ ತಿನ್ನಾಕ ಹೋದೆ. ಬಂದ ಮ್ಯಾಲ ಹೊಂಟ್ವಿ. ಬಾನೆಟ್ ಯಾಕ ಎತ್ತಿ ನೋಡ್ಲಿ, ಡಬ್ಬಿ ಬಂದ ಮ್ಯಾಲ ಆ ಚಟಾನ ಬಿಟ್ಟಿದ್ದೆ.

ಮೋಟೆಬೆನ್ನೂರ ಕ್ರಾಸಿಗೆ ಬಂದ್ವಿ. ಗಾಡಿ ನಿಂತ್ಬಿಡ್ತು.

ಹಿಂದಿನಿಂದ ಆ ಸ್ಟ್ಯಾಂಡಿನ ಜೀಪು ಬಂದು ಬಾಜೂಕ ನಿಂತಿತು. ಅವ ನನ್ನ ಮಾರಿ ನೋಡಿ ಹಲ್ಲು ತಗದ. ಸಾವಕಾರ್ರು ಬಾಗಲಾ ತಗದು ಒಂದು ಕಾಲು ಕೆಳಗಿಟ್ರು. ಮುಗೀತಪಾ, ಇಷ್ಟ ನಮ್ಮ ನಿಮ್ಮ ಋಣ ಅಂದ್ರು.

ಬಾನೆಟ್ ಎತ್ತಿದೆ. ಡಬ್ಬಿನ ಇಲ್ಲ. ಡಬ್ಬಿ ಇದ್ದಲ್ಲಿ ಒಂದು ಸಣ್ಣ ಚೀಲ. ಡಬ್ಬಿಗೆ ಎರಡು ಪದರು ತಟ್ಟಿನ ಚೀಲ ಸುತ್ತಿ, ಸುತ್ತಲೂ ದಬ್ಬಣದ್ಲೆ ಬಿಗಿಯಾಗಿ ಹೊಲದಿದ್ರು, ಮೆಣಸಿನಕಾಯಿ ಮೂಟಿ ಬಾಯಿ ಹೊಲದಂಗ. ಕೈ ಇಟ್ರ ರೊಟ್ಟಿ ಹಂಚಿನಷ್ಟು ಕಾದಿತ್ತು. ನನ್ನ ಒಂದು ವರ್ಷದ ಸಿಟ್ಟು ಒಮ್ಮೆಲೆ ಹೊರಗ ಬಿತ್ತು. ಯಾವ ದನಾ ಕಾಯಾಂವ ಮಾಡ್ಯಾನ ಇದನ್ನ, ಅವನ ಕೈಗೆ ಹುಳಾ ಬೀಳ್ಲಿ, ಅವಗ ತಲಿಯಾಗ ಮಿದುಳು ಐತೋ ಸಗಣಿ ಐತೋ ಅಂತ ಕ್ರಾಸಿನ ಮಂದಿಯೆಲ್ಲಾ ಕೇಳೂಹಂಗ ಒದರಿದೆ. ಒದರಕೊಂತನ ಹೊಲಿಗಿ ಹರಿಯಾಕ ಜಗ್ಗಿದೆ, ಹಲ್ಲಿಲೆ ಕಚ್ಚಿದೆ. ಬಿಚ್ಚಲಿಲ್ಲ.

ಹಿಂದಿನಿಂದ ಒಂದು ಕೈ ಬಂತು. ಬೆರಳಾಗ ಉಂಗುರ. ಆ ಕೈ ಮೂಲ್ಯಾಗಿನ ಒಂದು ಎಳಿ ಹಿಡದು ಹಗೂರಕ ಜಗ್ಗಿತು, ಅಷ್ಟೂ ಹೊಲಿಗಿ ಸರ್ರಂತ ಬಿಚ್ಕೊಂತು. ಯಾವ ಎಳಿ ಜಗ್ಗಬೇಕು ಅನ್ನೂದು ಹೊಲದವಗ ಮಾತ್ರ ಗೊತ್ತಿರ್ತದ.

ನಾ ತಿರುಗಿ ನೋಡಿದೆ. ಸಾವಕಾರ್ರು ನೆಲಾ ನೋಡಾಕತ್ತಿದ್ರು.

"ಘಾಟು ಹತ್ತಬಾರದಂತ ನಾನ ಕುಂತು ಹೊಲದೆ" ಅಂದ್ರು. "ಹಮಾಲರ ಕೈಯಾಗ ಕೊಟ್ರ ಸಡ್ಲ ಹೊಲೀತಾರ."

ಜೀಪಿನವ ಹಾರ್ನ್ ಹೊಡದು, ಬರ್ತೀರೇನ್ರಿ ಸಾವಕಾರ್ರ ಅಂತ ಕರದ. ಸಾವಕಾರ್ರು ಅವನ ಕಡೆ ನೋಡಲಿಲ್ಲ. ನೀ ಹೋಗೋ, ನಮ್ಮ ಗಾಡಿ ಏನೂ ಕೆಟ್ಟಿಲ್ಲ, ಚೂರು ಶೆಕಿ ಆಗೇತಿ ಅಂದ್ರು. ಅಂದು, ತಲಿ ಮ್ಯಾಲಿನ ಟೊಪ್ಪಿಗಿ ತಗದು, ನಡುರಸ್ತೆದಾಗ ನಿಂತು ಡಬ್ಬಿಗೆ ಗಾಳಿ ಹಾಕಾಕ ಶುರು ಮಾಡಿದ್ರು. ಅಲ್ಲಿ ಮನಿಯಾಗ ಬೀಗರು ಬಂದು ಕುಂತಿದ್ರು, ಇಲ್ಲಿ ಬಸ್ಸಿನ ಮಂದಿ ಬಸ್ಸು ಬಿಟ್ಟು ಇದನ್ನ ನೋಡಾಕತ್ತಿದ್ರು.

ನಾ ಬಂಪರಿಗೆ ಆತು ನಿಂತೆ. ಎಷ್ಟೋ ದಿವಸದಿಂದ ಎದಿಗೆ ನಟ್ಟಿದ್ದನ್ನ ಹೊಳ್ಳಿ ಕೊಟ್ಟೆ.

"ಸಾವಕಾರ್ರ, ಇನ್ನೊಮ್ಮೆ ಹಿಂಗ ಗಾಡಿ ನಿಲ್ಲಿಸಿದ್ರ ನಾ ಬ್ಯಾರೆ ಸಾವಕಾರ್ರನ್ನ ನೋಡ್ಕೋತೀನಿ."

"ಹೂಂನಪಾ" ಅಂದ್ರು ಸಾವಕಾರ್ರು, ಇನ್ನಷ್ಟು ಜೋರ್ ಬೀಸಿದ್ರು.