ಗುಡ್ಡದ ಸ್ಟೇಷನ್ನಿಗೆ ಇತಿಹಾಸ ಹುಡುಕಿದ್ದು

ಸಣ್ಣ ಸ್ಟೇಷನ್ನಿನ ಮಾಸ್ತರಗ ತಲಿ ಕೆಡಿಸ್ಕೊಳ್ಳಾಕ ಬ್ಯಾರೆ ಕೆಲಸ ಬೇಕಾಗಿಲ್ಲ, ಅದು ದಿನಾ ಗಾಡಿಯೊಳಗ ಕುಂತು ತಾನ ಬರ್ತೈತಿ. ಎರಡು ಸಾವಿರದ ಇಸವಿ ಆದಮ್ಯಾಲೆ ನಾಕೈದು ವರ್ಷ ನಾ ಬ್ಯಾಡಗಿ, ರಾಣೆಬೆನ್ನೂರು ನಡುವ ಗುಡ್ಡದ ಬುಡಕಿರೋ ಒಂದು ಸ್ಟೇಷನ್ನಿನ್ಯಾಗ ಇದ್ನಿ. ಊರ ಹೆಸರು ಹೇಳಂಗಿಲ್ಲ. ಅಲ್ಲಿ ಮಂದಿ ಇನ್ನೂ ನನಗ ಸಂತ್ಯಾಗ ಭೆಟ್ಟಿ ಆಗ್ತಾರ.

೧. ತಪ್ಪಿ ಇಳದವ್ರು

ನಮ್ಮ ಸ್ಟೇಷನ್ನು, ಮುಂದಿನ ಸ್ಟೇಷನ್ನು ಥೇಟ್ ಅವಳಿ ಜವಳಿ. ಅದೇ ಹಳದಿ ಗ್ವಾಡಿ, ಅದೇ ಹಂಚು, ಅದೇ ಬೇವಿನ ಗಿಡ. ಹಂಗಾಗಿ ಅಲ್ಲಿ ಇಳಿಯಾವ್ರು ಇಲ್ಲೇ ಇಳೀತಿದ್ರು.

ಒಮ್ಮೆ ಹಾವೇರಿ ಕಡೆಯವರು ಹೆಣ್ಣು ನೋಡಾಕ ಹೊಂಟವ್ರು ಹಂಗ ಇಳದ್ರು. ಕೆರಿ ದಂಡಿಮ್ಯಾಲಿನ ದೊಡ್ಡ ಮನಿ ಯಾವುದು ಅಂತ ಕೇಳಿದ್ರು. ನಮ್ಮೂರಾಗೂ ಕೆರಿ ಐತಿ, ದಂಡಿಮ್ಯಾಲೆ ದೊಡ್ಡ ಮನಿ ಐತಿ, ಯಾರೋ ಕರಕೊಂಡು ಹೋಗಿ ಬಿಟ್ರು. ನಮ್ಮ ಕಡೆ ಬಂದವರಿಗೆ ನೀರು ಕೊಡೂದಕ್ಕಿಂತ ಮೊದಲ ಯಾಕ ಬಂದೀರಿ ಅಂತ ಕೇಳೂದು ಮರ್ಯಾದಿ ಅಲ್ಲ. ನೀರು ಕೊಟ್ರು, ಉಪ್ಪಿಟ್ಟು ಕೊಟ್ರು, ಮನಿ ಮಗಳು ಚಾ ತಂದ್ಲು. ಹುಡುಗಿ ನಮಗ ಪಸಂದ ಬಂದ್ಲು ಅಂತ ಇವರು ಅಂದಾಗ ಮನಿ ಯಜಮಾನಗ ದಿಕ್ಕ ತಿಳೀಲಿಲ್ಲ. ಊರು ತಪ್ಪಿದ್ದು ತಿಳದು ಹಾವೇರಿಯವರು ಗಾಬರಿಯಾಗಿ ನನ್ನ ಕಡೆ ಓಡಿ ಬಂದ್ರು. ಮುಂದಿನ ಗಾಡಿ ಸಂಜಿಕ ಅಂದ್ನಿ. ಸಂಜಿ ತನಕ ಏನ್ ಮಾಡ್ತಾರ ಪಾಪ, ವಾಪಸ್ ಹೋಗಿ ಅದೇ ಹುಡುಗಿನ್ನ ಗಟ್ಟಿ ಮಾಡ್ಕೊಂಡ್ರು. ಮುಂದಿನೂರಿನ ಬೀಗರು ಉಪ್ಪಿಟ್ಟು ಮಾಡ್ಕೊಂಡು ಇನ್ನೂ ದಾರಿ ಕಾಯಾಕತ್ತಾರೋ ಏನೋ.

೨. ಎತ್ತು ಸತ್ತ ವರ್ಷ

ಮುಂದ ಒಂದಿನ ಮ್ಯಾಲಿನ ಆಫೀಸಿಂದ ಕಾಗದ ಬಂತು. ಸಣ್ಣ ಸ್ಟೇಷನ್ನಿನ್ಯಾಗ ಮುಂಜಾನಿ ಪ್ಯಾಸೆಂಜರ್ ಇನ್ನ ನಿಲ್ಲೂದಿಲ್ಲ. ಆದ್ರ ಸ್ಟೇಷನ್ ಭಾಳ ಹಳೇದು ಅಂತ ತೋರಿಸಿದ್ರ ಗಾಡಿ ನಿಲ್ಲಿಸೇವು, ಇತಿಹಾಸ ಬರದು ಇಡ್ರಿ, ಎಂಟು ದಿನಕ್ಕ ಸಾಹೇಬ್ರು ಬರ್ತಾರ.

ಆ ಗಾಡಿ ಹೋತಂದ್ರ ಎಲ್ಲರಕಿಂತ ಹೆಚ್ಚು ಕಷ್ಟ ಮೊಸರು ಮಾರೋ ಮುದಿ ಆಯಿಗೆ. ಗಂಡ ಇಲ್ಲ, ಮಕ್ಕಳಿಲ್ಲ, ಎರಡು ಎಮ್ಮಿ. ದಿನಾ ಗಡಗಿ ಹೊತಗೊಂಡು ಅದೇ ಗಾಡಿಗೆ ಬ್ಯಾಡಗಿಗೆ ಹೋಗಾಕಿ. ಬಂದು ನನ್ನ ಟೇಬಲ್ ಮುಂದ ನಿಂತ್ಲು.

"ಮಾಸ್ತರ್ರ, ಈ ವಯಸ್ಸಿನ್ಯಾಗ ಗಡಗಿ ಹೊತ್ತು ಎಲ್ಲೀ ತನಕ ನಡೀಲಿ? ಏನರ ಬರೀರಿ."

ಕಾಗದ, ಪೆನ್ನು ತಗೊಂಡು ಕುಂತ್ನಿ. ಆದ್ರ ಬರೀಲಿ ಏನು? ಸ್ಟೇಷನ್ನಿನ ಹಳೇ ಕಾಗದ ಗೆದ್ದಲ ತಿಂದಿತ್ತು. ಊರಾಗ ಎಲ್ಲರಕಿಂತ ಹಿರೇ ಅಜ್ಜನ್ನ ಹೋಗಿ ಕೇಳಿದ್ನಿ. ನಮ್ಮ ಕೆಂದೆತ್ತು ಸತ್ತ ವರ್ಷ ಸ್ಟೇಷನ್ ಕಟ್ಟಿದ್ರು, ನನಗ ಚಲೋ ನೆನಪೈತಿ ಅಂದ. ಎತ್ತು ಯಾವ ವರ್ಷ ಸತ್ತಿತು ಅಂದ್ರ, ಸ್ಟೇಷನ್ ಕಟ್ಟಿದ ವರ್ಷ ಅಂದ.

೩. ರೈಲಪ್ಪನ ಸ್ನಾನ

ನಮ್ಮ ಬೇವಿನ ಗಿಡದ ಕೆಳಗ ಮೊಳಕಾಲೆತ್ತರದ ಒಂದು ಕಲ್ಲಿತ್ತು. ಊರವರು ಅದಕ್ಕ ರೈಲಪ್ಪ ಅಂತಿದ್ರು. ಗಾಡಿ ಹತ್ತಾವ್ರು ಕೈ ಮುಗದು, ಎಣ್ಣಿ ಅರಿಷಿಣ ಹಚ್ಚಿ ಹತ್ತತಿದ್ರು. ನಾನೂ ಮಂಗಳವಾರಕ್ಕೊಮ್ಮೆ ಕಾಯಿ ಒಡೀತಿದ್ನಿ. ಆ ಮಂಗಳವಾರ ಕಾಯಿ ಒಡದ ಪೆಟ್ಟಿಗೆ ಅರಿಷಿಣದ ಒಂದು ಪದರ ಕಿತ್ತು ಬಿತ್ತು. ಒಳಗ ಕೆತ್ತಿದ ಒಂದೆರಡು ಅಂಕಿ ಕಾಣಿಸ್ತು. ರೈಲಪ್ಪ ಅಂದ್ರ ಕಟ್ಟಡದ ಅಡಿಗಲ್ಲು! ಊರೆಲ್ಲಾ ತಿರುಗಿ ಹುಡುಕಿದ ವರ್ಷಕ್ಕ ನಾ ವಾರಾ ವಾರಾ ಕಾಯಿ ಒಡಿಯಾಕತ್ತಿದ್ನಿ.

ಈಗ ದೇವರನ್ನ ತಿಕ್ಕಾವ್ರು ಯಾರು? ಯಾರೂ ಮುಂದ ಬರಲಿಲ್ಲ. ಸಾಹೇಬ್ರು ಬಂದ ದಿನ ಆಯೀನ ಮುಂದ ಬಂದ್ಲು. ಅವತ್ತಿನ ಮೊಸರೆಲ್ಲಾ ರೈಲಪ್ಪನ ತಲಿಮ್ಯಾಲೆ ಸುರುವಿ, ಹುಣಸಿಹಣ್ಣು ಹಚ್ಚಿ ತಿಕ್ಕಿದ್ಲು. ಊರ ಮಂದಿ ಸುತ್ತ ನಿಂತಿತ್ತು. ಮೊದಲಿಗೆ ಪೂರಾ ವರ್ಷ ಕಾಣಿಸ್ತು, ಖರೇನ ಭಾಳ ಹಳೇದು. ನನಗ ಕುಣಿಯೂವಷ್ಟು ಖುಷಿ ಆತು. ಆಮ್ಯಾಲೆ ಅದರ ಮ್ಯಾಲಿನ ಸಾಲು ಕಾಣಿಸ್ತು. ಅಲ್ಲಿದ್ದ ಹೆಸರು ಮುಂದಿನ ಸ್ಟೇಷನ್ನಿಂದು.

ಗಾಡಿಯೊಳಗ ಬಂದ ಕಲ್ಲನ್ನ ಆಗಿನವರು ಗ್ವಾಡಿ, ಹಂಚು ನೋಡಿ ಇಲ್ಲೇ ಇಳಿಸಿ ಹೋಗಿದ್ರು. ಕಲ್ಲೂ ತಪ್ಪಿ ಇಳದಿತ್ತು.

ಸಾಹೇಬ್ರು ಬರಕೊಳ್ಳಾಕ ತಗದಿದ್ದ ಪುಸ್ತಕ ಮುಚ್ಚಿದ್ರು.  ಕಲ್ಲಿನಮ್ಯಾಲೆ ಏನ್ ಬರದಾರ ಅಂತ ಆಯಿ ಕೇಳಿದ್ಲು, ಹೇಳಿದ್ನಿ. ಆಕಿ ಕೈ ಸೆರಗಿಗೆ ಒರಸಿಕೊಂಡು ಸಾಹೇಬ್ರ ಕಡೆ ತಿರಗಿದ್ಲು.

"ಒಂದು ಕಲ್ಲು ಇಳಿಯಾಕ ಆವಾಗ ಗಾಡಿ ಇಲ್ಲಿ ನಿಂತೈತಿ. ಮನಷಾರಿಗೆ ನಿಲ್ಲೂದಿಲ್ಲೇನ್ರಿ ಸಾಹೇಬ್ರ?"

ಸಾಹೇಬ್ರು ಕಲ್ಲು ನೋಡಿದ್ರು, ಖಾಲಿ ಗಡಗಿ ನೋಡಿದ್ರು, ನಕ್ಕು ಮತ್ತ ಪುಸ್ತಕ ತಗದ್ರು. ಗಾಡಿ ನಿಲ್ಲೂದು ಉಳೀತು.

ಸುದ್ದಿ ಕೇಳಿ ಮುಂದಿನೂರಿನವರು ಟ್ರ್ಯಾಕ್ಟರ್ ತಗೊಂಡು ಬಂದ್ರು, ನಮ್ಮ ಕಲ್ಲು ನಮಗ ಕೊಡ್ರಿ ಅಂತ. ಗಾಡಿಗೆ ಹೊಂಟಿದ್ದ ಆಯಿ ಗಡಗಿ ಇಳಿಸದನ ಹೇಳಿದ್ಲು:

"ನಿಮ್ಮ ಬೀಗರನ್ನ ವಾಪಸ್ ಕೊಡಲಿಲ್ಲ, ದೇವರನ್ನ ಕೊಡ್ತೇವೇನು?"