ಹಳದಿ ದೀಪವೂ ಹದಿಮೂರನೆಯ ಕಡಸೂ

ಮೆಕ್ಯಾನಿಕ್ ಬರಾಸಾ ನನಗೆ ಟೋಪಿ ಹಾಕುತ್ತಿದ್ದಾನೆ ಎಂಬ ಗುಮಾನಿ ನನಗೆ ಮೊದಲಿನಿಂದಲೂ ಇತ್ತು. ಅವನು ಹಾಕುತ್ತಿರಲಿಲ್ಲ ಎಂಬುದು ಬೇರೆ ಮಾತು. ಗುಮಾನಿ ಮಾತ್ರ ಇತ್ತು.

ನಮ್ಮ ಬಿಳಿ ಕಾರಿಗೆ ಹದಿನೇಳು ವರ್ಷ. ಜಪಾನಿನ ಯಾರೋ ಪುಣ್ಯಾತ್ಮ ಅದರ ಯೌವನವನ್ನೆಲ್ಲ ಅನುಭವಿಸಿ, ಮುಪ್ಪನ್ನು ಮಾತ್ರ ಹಡಗು ಹತ್ತಿಸಿ ಮೊಂಬಾಸಾ ಬಂದರಿಗೆ ಕಳಿಸಿದ. ಅಲ್ಲಿಂದ ಅದು ನಮ್ಮೂರು ಕಿಟಾಲೆಗೆ ಬಂದು ನನ್ನ ಕೊರಳಿಗೆ ಬಿತ್ತು. ಅದರ ಸ್ಟೀರಿಂಗಿನ ಹಿಂದೆ ಎಂಜಿನ್ ಆಕಾರದ ಒಂದು ಹಳದಿ ದೀಪವಿದೆ. ಅದು ಹತ್ತಿಕೊಂಡರೆ ನಾನು ಸಾಮಿಲ್ ಎದುರಿನ ನೀಲಗಿರಿ ಮರದ ಕೆಳಗೆ ಕೆಲಸ ಮಾಡುವ ಬರಾಸಾನ ಬಳಿಗೆ ಓಡುತ್ತಿದ್ದೆ. ಅವನು ಉದ್ದನೆಯ ಸ್ಕ್ರೂಡ್ರೈವರನ್ನು ಎಂಜಿನ್ನಿಗೆ ಆನಿಸಿ, ಅದರ ಹಿಡಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ, ಅಶರೀರವಾಣಿ ಕೇಳಿದವನಂತೆ "ಪ್ಲಗ್ಗು" ಎನ್ನುತ್ತಿದ್ದ. ಪ್ಲಗ್ಗು ಬದಲಾಯಿಸಿದೆ. ಕೆಲವು ವಾರಕ್ಕೆ ದೀಪ ಮತ್ತೆ ಹತ್ತಿತು. ಈ ಸಲ "ಕಾಯಿಲ್ಲು" ಎಂದ. ಅದನ್ನೂ ಬದಲಾಯಿಸಿದೆ.

ಮೂರನೆಯ ಸಲ ಹತ್ತಿಕೊಂಡಾಗ ನಾನು ಸ್ವಂತ ಬುದ್ಧಿ ಉಪಯೋಗಿಸಿದೆ. ಶಾಲೆಯಿಂದ ಕಪ್ಪು ಟೇಪು ತಂದು ದೀಪದ ಮೇಲೆ ಅಂಟಿಸಿದೆ. ದೀಪ ಹೋಯಿತು, ಶಾಂತಿ ಬಂತು. (ಇದನ್ನು ನನ್ನ ಹೆಂಡತಿ ನಾಸಿಮಿಯುವಿಗೆ ಹೇಳಿರಲಿಲ್ಲ. ಅವಳು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸು. ಗಾಯಕ್ಕೆ ಬಟ್ಟೆ ಮುಚ್ಚಿ ವಾಸಿಯಾಯಿತು ಎನ್ನುವವರನ್ನು ದಿನಾ ಬೈದು ಬರುವವಳು.)

ಹೋದ ವರ್ಷ ಒಂದು ಗುರುವಾರ ಬಿಸಿಲಿಗೆ ಟೇಪಿನ ಅಂಟು ಸಡಿಲವಾಗಿ, ನಾಸಿಮಿಯು ಪಕ್ಕದಲ್ಲೇ ಕೂತಿದ್ದಾಗ ಪಟಕ್ಕನೆ ನನ್ನ ತೊಡೆಯ ಮೇಲೆ ಬಿತ್ತು.

"ನೆಕೇಸಾ ಅಪ್ಪ, ಆ ದೀಪ ಯಾವಾಗಿಂದ ಉರೀತಿದೆ?" ಎಂದಳು. ನೆಕೇಸಾ ನಮ್ಮ ಮಗಳು.

"ಈಗ ತಾನೇ. ನಿನ್ನ ಕಣ್ಣೆದುರೇ ಹತ್ತಿಕೊಳ್ತಲ್ಲ," ಎಂದು ಟೇಪನ್ನು ಮುಷ್ಟಿಯಲ್ಲಿ ಅಡಗಿಸಿದೆ.

"ಬರೋ ತಿಂಗಳು ನನ್ನ ತಮ್ಮನಿಗೆ ಹೆಣ್ಣು ಕೇಳೋಕೆ ಕಿಮಿಲಿಲಿಗೆ ಹೋಗ್ಬೇಕು. ಅಪ್ಪನೂ ಇದೇ ಗಾಡೀಲಿ ಬರ್ತಾರೆ. ದಾರೀಲಿ ನಿಂತು, ನಾವು ತಳ್ಕೊಂಡು ಹೋದ್ರೆ ಹೆಣ್ಣು ಕೊಡ್ತಾರಾ? ಗಾಡಿ ತಳ್ಳೋಕೆ ಒಬ್ಬಳು ಸಿಕ್ತಾಳೆ ಅಂತ ಬಂದಿದ್ದೀರಾ ಅಂತಾರೆ."

ಆಗ ನನ್ನ ತಲೆಯಲ್ಲಿ ಬೇರೊಂದು ದೀಪ ಹತ್ತಿತು. ಕಾರಿನ ಕಾಯಿಲೆಯನ್ನು ಕಾರಿನ ಬಾಯಿಂದಲೇ ಹೇಳಿಸುವ ಸ್ಕ್ಯಾನರ್ ಒಂದನ್ನು ನಾನೇ ಕೊಂಡರೆ ಬರಾಸಾನ ಸ್ಕ್ರೂಡ್ರೈವರ್ ವೇದಾಂತ ಬಯಲಾಗುತ್ತದೆ.

ನಾನು ಭೂಗೋಳದ ಮೇಷ್ಟ್ರು. ಯಾವುದನ್ನೂ ಅಧ್ಯಯನ ಮಾಡದೆ ಕೊಳ್ಳುವವನಲ್ಲ. ಎರಡು ವಾರ ಅಧ್ಯಯನ ಮಾಡಿದೆ. ಸ್ಕ್ಯಾನರುಗಳಲ್ಲಿ ಮೂರು ಜಾತಿ. ಒಂದು ಕೋಳಿಯ ಬೆಲೆಯದು: ಹೆಬ್ಬೆರಳಷ್ಟಿರುತ್ತದೆ, ಫೋನಿನ ಜೊತೆ ಮಾತಾಡುತ್ತದೆ. ಇನ್ನೊಂದು ಮೇಕೆಯ ಬೆಲೆಯದು: ತನ್ನದೇ ಪರದೆ, ತನ್ನದೇ ವೈರು. ಮೂರನೆಯದು ಹಾಲು ಕರೆಯುವ ಹಸುವಿನ ಬೆಲೆಯದು: ಎಂಜಿನ್ನು, ಬ್ರೇಕು, ಏರ್‌ಬ್ಯಾಗು ಎಲ್ಲದರ ಜಾತಕ ಓದುತ್ತದೆ. ಸ್ಟಾಫ್ ರೂಮಿನಲ್ಲಿ ಫಿಸಿಕ್ಸ್ ಮೇಷ್ಟ್ರು ಕಿಬೆಟ್ "ಕೋಳಿ ಸಾಕು ಕಣಯ್ಯ" ಎಂದರು. (ಅವರಿಗೆ ಕಾರಿಲ್ಲ.)

ನಾಸಿಮಿಯು ಒಂದೇ ಮಾತು ಹೇಳಿದಳು. "ಜಪಾನಿಗೆ ಅಂತ ಮಾಡಿದ ಹಳೇ ಗಾಡಿ ಕೆಲವು ಯಂತ್ರಗಳ ಜೊತೆ ಮಾತಾಡಲ್ವಂತೆ, ನಮ್ಮ ಆಂಬುಲೆನ್ಸ್ ಡ್ರೈವರ್ ಹೇಳಿದ. ಗಾಡೀನ ಅಂಗಡಿ ಮುಂದೆ ನಿಲ್ಸಿ, ಚುಚ್ಚಿ ನೋಡಿ, ಆಮೇಲೆ ದುಡ್ಡು ಕೊಡಿ."

"ನೀನು ಸೂಜಿ ಚುಚ್ಚೋದು ನೋಡ್ಕೋ. ಇದು ಗಂಡಸರ ವಿಷಯ," ಎಂದು ಕೋಳಿ ತಂದೆ.

ಅದನ್ನು ಚುಚ್ಚುವ ಜಾಗ ಹುಡುಕಲು ಕಾರಿನೊಳಗೆ ತಲೆಕೆಳಗಾಗಿ ಮುಕ್ಕಾಲು ಗಂಟೆ ಮಲಗಿದ್ದೆ. ನೆಕೇಸಾಳ ಕಳೆದುಹೋಗಿದ್ದ ಕಾಲುಚೀಲ ಸಿಕ್ಕಿತು. ನಾಸಿಮಿಯು ಬಂದು, ಕೂತಲ್ಲಿಂದಲೇ ಸ್ಟೀರಿಂಗಿನ ಕೆಳಗೆ ಕೈ ಹಾಕಿ, "ಇದೇನಾ?" ಎಂದಳು. ಅದೇ. ಚುಚ್ಚಿದೆವು. ಕೋಳಿ ಕೆಂಪಗೆ ಮಿನುಗಿತು. ಫೋನಿಗೆ ಅದು ಕಾಣುತ್ತದೆ, ಅದಕ್ಕೆ ಕಾರು ಕಾಣುವುದಿಲ್ಲ. ಮೂವರ ಮಧ್ಯೆ ಸಂಧಾನ ಮಾಡಿ ಮಾಡಿ ನನಗೆ ಕತ್ತು ಉಳುಕಿತು.

ಮರುದಿನ ಅವಳೇ ಕಾರು ತೆಗೆದುಕೊಂಡು ಅಂಗಡಿಗೆ ಹೊರಟಳು. ನಾನು ಪಕ್ಕದಲ್ಲಿ ಕೂತಿದ್ದೆ. ಕೋಳಿಯನ್ನು ವಾಪಸು ಕೊಟ್ಟು, ಅಂಗಡಿಯವನಿಂದಲೇ ನಾಲ್ಕು ಯಂತ್ರ ಚುಚ್ಚಿಸಿ ನೋಡಿ, ಐದನೆಯದನ್ನು ಆರಿಸಿದಳು. ಅದು ಮೇಕೆ. ಪರದೆಯ ಮೇಲೆ ಅಕ್ಷರ ಮೂಡಿದಾಗ ಅಂಗಡಿಯವನು ನನ್ನನ್ನು ನೋಡಿ, "ಮೇಡಂಗೆ ಗಾಡಿ ವಿಷಯ ಚೆನ್ನಾಗಿ ಗೊತ್ತು," ಎಂದ. ನಾನು ಅಂಗಡಿಯ ಕ್ಯಾಲೆಂಡರ್ ನೋಡಿದೆ.

ಮಹಾಪರೀಕ್ಷೆಯನ್ನು ಕಿಮಿಲಿಲಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆಗೆ ಇಟ್ಟುಕೊಂಡೆ. ಮಾವ ವಾಂಜಾಲಾ ಊರಿಂದ ಬಂದಿದ್ದರು. ಬರಾಸಾನನ್ನೂ ಕರೆಸಿದೆ. ನಾಲ್ಕು ಜನರೆದುರು ಅವನ ಮಾನ ತೆಗೆಯುವುದೇ ಉದ್ದೇಶ.

"ಈ ಯಂತ್ರ ಕೋಡ್ ಕೊಡುತ್ತೆ ಮಾವ," ಎಂದು ಸಭೆಯನ್ನುದ್ದೇಶಿಸಿ ಶುರು ಮಾಡಿದೆ.

"ಕೋಡಾ?" ಎಂದರು ಮಾವ. ಜೀವಮಾನವೆಲ್ಲ ದನ ಸಾಕಿದವರು. "ಗಾಡಿಗೆ ಕೋಡು ಎಲ್ಲಿಂದ ಬಂತು? ಹಾಯುತ್ತಾ?"

"ಆ ಕೋಡಲ್ಲ ಮಾವ, ಅಂಕಿ. ರೋಗದ ಹೆಸರು."

ಪರದೆಯ ಮೇಲೆ ಬಂತು: ಎಂಜಿನ್ನಿಗೆ ಪೆಟ್ರೋಲಿನ ಅಳತೆಗೆ ಮೀರಿ ಗಾಳಿ ಹೋಗುತ್ತಿದೆ. ನಾನು ಬರಾಸಾನತ್ತ ತಿರುಗಿದೆ. "ನೋಡಪ್ಪ. ಪ್ಲಗ್ಗೂ ಅಲ್ಲ, ಕಾಯಿಲ್ಲೂ ಅಲ್ಲ. ಏನಂತೀಯ?"

"ಆಗ ಅವು ಹೋಗಿದ್ವು ಮೇಷ್ಟ್ರೇ, ಹಳೇವು ನನ್ನ ಹತ್ರ ಇವೆ, ತೋರಿಸ್ಲಾ? ಈ ಗಾಳಿ ವಿಷಯ ಆವತ್ತೇ ಹೇಳಿದ್ದೆ. ಗಾಳಿ ಹೋಗೋ ಪೈಪು ಬಿರುಕು ಬಿಡ್ತಾ ಇದೆ, ಮುಂದಿನ ಸಲ ದೀಪ ಹತ್ತಿದ ತಕ್ಷಣ ಬನ್ನಿ ಅಂದೆ. ನೀವು ಬರ್ಲೇ ಇಲ್ಲ."

"ಯಂತ್ರ ಪೈಪು ಅನ್ನಲಿಲ್ಲವಲ್ಲ," ಎಂದೆ.

"ಥರ್ಮಾಮೀಟರ್ ಜ್ವರ ಅಂತ ಮಾತ್ರ ಹೇಳುತ್ತೆ. ಮಲೇರಿಯಾನೋ ಟೈಫಾಯ್ಡೋ ನೋಡೋಕೆ ಮನುಷ್ಯ ಬೇಕು," ಎಂದಳು ನಾಸಿಮಿಯು. ಯಂತ್ರ ಯಾವಾಗ ಅವಳ ಕೈಗೆ ಹೋಗಿತ್ತೋ ಗೊತ್ತಿಲ್ಲ. ಗುಂಡಿ ಒತ್ತುತ್ತ ಪುಟ ತಿರುಗಿಸುತ್ತಿದ್ದವಳು ನಿಂತಳು. "ಇದೇನಿದು? ದೀಪ ಹತ್ತಿದ ಮೇಲೆ ಓಡಿದ ದೂರ, ಸಾವಿರದ ಏಳುನೂರ ನಲವತ್ತು ಕಿಲೋಮೀಟರು."

ನನ್ನ ಎಂಜಿನ್ ಅಲ್ಲೇ ಆಫ್ ಆಯಿತು. ಎರಡು ವಾರದ ಅಧ್ಯಯನದಲ್ಲಿ ಈ ಪುಟ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮಾವ ಗಡ್ಡ ಸವರಿಕೊಂಡರು. "ಅಳಿಯಾ, ನೀನು ಭೂಗೋಳ ಹೇಳ್ಕೊಡೋನು. ಇಲ್ಲಿಂದ ಮೊಂಬಾಸಾ ಎಷ್ಟು ದೂರ?"

"ಎಂಟುನೂರ ಅರವತ್ತು... ಎಪ್ಪತ್ತು ಆಗಬಹುದು ಮಾವ."

"ಹೋಗಿ ಬಂದ್ರೆ?"

ಎಲ್ಲರಿಗೂ ಲೆಕ್ಕ ಬರುತ್ತಿತ್ತು.

"ಆ ಗುರುವಾರ ತಾನೇ ಹತ್ತಿದ ದೀಪ," ಎಂದಳು ನಾಸಿಮಿಯು, ರೋಗಿಯ ಚೀಟಿ ಓದುವ ದನಿಯಲ್ಲಿ. "ಇನ್ನೂ ಇದೆ, ಕೇಳಿ. ದೀಪ ಹತ್ತಿದ ಗಳಿಗೇಲಿ ಗಾಡಿ ವೇಗ, ನೂರ ಇಪ್ಪತ್ತಾರು. ನೆಕೇಸಾ ಅಪ್ಪ, ನೀವು ಎಂಬತ್ತು ದಾಟಲ್ಲ ಅಂತ ಚರ್ಚಿನಲ್ಲಿ ಎಲ್ಲರ ಮುಂದೆ ಹೇಳಿದ್ರಲ್ಲ?"

ಬರಾಸಾ ಮಾತ್ರ ನನ್ನ ಕಡೆ ನೋಡದೆ ಕಾರಿನ ಬಾನೆಟ್ಟು ಎತ್ತಿ ಒಳಗೆ ತಲೆ ತೂರಿಸಿದ. ಅವನ ಭುಜ ಕುಲುಕುತ್ತಿತ್ತು. ಹತ್ತು ನಿಮಿಷದಲ್ಲಿ ಪೈಪು ಬದಲಾಯಿತು. ಕೂಲಿ ಬೇಡ, ಒಂದು ಲೋಟ ಟೀ ಸಾಕು ಎಂದ. "ಇವತ್ತು ಸಿಕ್ಕಿದ್ದೇ ಸಾಕು ಸಿಸ್ಟರ್." ಅವನ ಮೇಲೆ ನನಗಿದ್ದ ಗುಮಾನಿ ಅವತ್ತು ಸತ್ತಿತು. ಅದರ ಜೊತೆ ಇನ್ನೂ ಏನೇನೋ ಸತ್ತವು.

ಮರುದಿನ ಕಿಮಿಲಿಲಿಯ ದಾರಿಯಲ್ಲಿ ಮಾವ ಮುಂದಿನ ಸೀಟಿನಲ್ಲಿ ಕೂತರು. ತೊಡೆಯ ಮೇಲೆ ಸ್ಕ್ಯಾನರ್. ಅದು ಓಡುವ ವೇಗವನ್ನೂ ತೋರಿಸುತ್ತದೆ ಎಂದು ನಾಸಿಮಿಯು ಹೇಳಿಕೊಟ್ಟಿದ್ದಳು. "ಎಪ್ಪತ್ತೆಂಟು," ಎನ್ನುವರು. "ಎಪ್ಪತ್ತೊಂಬತ್ತು. ಅಳಿಯಾ, ಎಪ್ಪತ್ತೊಂಬತ್ತು." ಕಬ್ಬಿನ ಲಾರಿಗಳೆಲ್ಲ ನಮ್ಮನ್ನು ಹಿಂದಿಕ್ಕಿ ಹೋದವು.

ಹೆಣ್ಣಿನ ಮನೆಯಲ್ಲಿ ಟೀ, ಕೋಳಿ, ರಾಗಿ ಮುದ್ದೆಯಂಥ ಉಗಾಲಿ ಎಲ್ಲ ಸೊಗಸಾಗಿ ನಡೆಯಿತು. ಹೆಣ್ಣಿನವರಿಗೆ ನಾವು ತೆರಬೇಕಾದ ದನಗಳ ಮಾತು ಬಂದಾಗ ಮಾತ್ರ ಬಿಗಿಯಾಯಿತು. ನಮ್ಮವರು ಹನ್ನೆರಡು ಎಂದರು. ಹುಡುಗಿಯ ದೊಡ್ಡಪ್ಪ ನ್ಯೊಂಗೆಸಾ ಹದಿಮೂರು ಎಂದರು. ಕೊನೆಯದು ಇನ್ನೂ ಕರು ಹಾಕದ ಕಡಸಾದರೂ ಸರಿ, ಬೇಕೇ ಬೇಕು. ಮಧ್ಯಾಹ್ನ ಮೂರಾದರೂ ಇಬ್ಬರೂ ಜಗ್ಗಲಿಲ್ಲ. ನನ್ನ ಭಾವಮೈದ ಬೆವರಿ ಅಂಗಿ ಒದ್ದೆ ಮಾಡಿಕೊಂಡ. ಒಳಗಿನಿಂದ ಹುಡುಗಿ ಪರದೆ ಸರಿಸಿ ಎರಡು ಸಲ ಇಣುಕಿದಳು.

ಆಗ ಮಾವ ನಿಧಾನವಾಗಿ ಕೇಳಿದರು. "ಬೀಗರೇ, ಅಂಗಳದಲ್ಲಿ ನಿಂತಿರೋ ಆ ಪಿಕಪ್ ನಿಮ್ದಾ? ಅದರ ಹಳದಿ ದೀಪ ಉರಿಯುತ್ತಾ?"

ನ್ಯೊಂಗೆಸಾ ನಿಟ್ಟುಸಿರು ಬಿಟ್ಟರು. "ಎರಡು ವರ್ಷದಿಂದ."

ಮಾವ ಅಂಗಿಯ ಒಳಗಿನಿಂದ ನನ್ನ ಸ್ಕ್ಯಾನರನ್ನು ತೆಗೆದು ಮೇಜಿನ ಮೇಲಿಟ್ಟರು. "ಕಡಸಿಗಾದ್ರೂ ಕೋಡು ಎರಡೇ. ಇದು ಸಾವಿರ ಕೋಡು ಕೊಡುತ್ತೆ. ಮೇವು ಬೇಡ, ಕಳ್ಳರು ಹೊಡ್ಕೊಂಡು ಹೋಗಲ್ಲ. ಸುಳ್ಳು ಹೇಳೋ ಗಂಡಸರನ್ನೂ ಹಿಡಿಯುತ್ತೆ." ಕೊನೆಯ ಮಾತಿಗೆ ಒಳಮನೆಯ ಹೆಂಗಸರೆಲ್ಲ ಬಾಗಿಲಿಗೆ ಬಂದರು.

ಅಂಗಳಕ್ಕೆ ಹೋಗಿ ಪಿಕಪ್ಪಿಗೆ ಚುಚ್ಚಿದರು. ಪರದೆ ಬೆಳಗಿತು. ನ್ಯೊಂಗೆಸಾರ ಮುಖವೂ ಬೆಳಗಿತು, ಆಮೇಲೆ ಸಣ್ಣಗಾಯಿತು. "ಯಂತ್ರವೇನೋ ಸರಿ. ಆದ್ರೆ ಇದನ್ನ ಓದೋರು ಯಾರು?"

ನಾನು ನಾಸಿಮಿಯುವಿನತ್ತ ನೋಡಿದೆ. ಅವಳು ಮೋಡ ನೋಡುತ್ತಿದ್ದಳು. ಮಾವ ನನ್ನ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿದರು.

"ಇವನೂ ಅದರ ಜೊತೆಗೇ."

ಮದುವೆ ನಿಶ್ಚಯವಾಯಿತು. ಈಗ ಪ್ರತಿ ತಿಂಗಳ ಮೊದಲ ಶನಿವಾರ ನಾನು ಕಿಮಿಲಿಲಿಗೆ ಹೋಗಿ ನ್ಯೊಂಗೆಸಾರ ಪಿಕಪ್ಪು, ಅವರ ತಮ್ಮನ ಟ್ಯಾಕ್ಸಿ, ಪಾದ್ರಿಗಳ ಜೀಪು ಎಲ್ಲಕ್ಕೂ ಕೋಡು ಓದಿ ಬರುತ್ತೇನೆ. ಮಟಾಟು ವ್ಯಾನಿನಲ್ಲಿ, ನಾಲ್ವರ ಸೀಟಿನಲ್ಲಿ ಆರನೆಯವನಾಗಿ ಹೋಗುತ್ತೇನೆ. ಶನಿವಾರ ಕಾರು ನಾಸಿಮಿಯುವಿಗೆ ಬೇಕಂತೆ. ಆ ಊರಿನಲ್ಲಿ ಯಾರೂ ನನ್ನನ್ನು ಮೇಷ್ಟ್ರು ಎಂದು ಕರೆಯುವುದಿಲ್ಲ. ನಾನು ವ್ಯಾನಿನಿಂದ ಇಳಿಯುತ್ತಲೇ ಮಕ್ಕಳು ಮನೆಯೊಳಗೆ ಓಡಿ ಸುದ್ದಿ ಮುಟ್ಟಿಸುತ್ತವೆ:

"ಅಜ್ಜಾ, ಹದಿಮೂರನೇ ಕಡಸು ಬಂತು."