ಮುಖ್ಯ ಅತಿಥಿಗಳ ಕೈಯಿಂದ ಸ್ಕಾಲರ್‌ಶಿಪ್ಪು

ಬಡವನ ಹಾಗೆ ಕಾಣಿಸಿಕೊಳ್ಳುವುದು ಅಂದುಕೊಂಡಷ್ಟು ಸುಲಭವಲ್ಲ. ಕೈಯಲ್ಲಿ ನಿಜವಾಗಿಯೂ ಕಾಸಿಲ್ಲದವನಿಗಂತೂ ಇನ್ನೂ ಕಷ್ಟ. ಏಕೆಂದರೆ ಅಂಥವನು ವರ್ಷಗಟ್ಟಲೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು, ತನ್ನ ಬಳಿ ಏನೂ ಇಲ್ಲವೆನ್ನುವುದು ಊರಿಗೆ ಗೊತ್ತಾಗದ ಹಾಗೆ ನೋಡಿಕೊಂಡು ಬಂದಿರುತ್ತಾನೆ. ನಾನು ಮಧುಗಿರಿಯ ಒಂದು ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಮಿಲ್ಲಿನಿಂದ ಮನೆಗೆ ಎಣ್ಣೆಯ ವಾಸನೆ ಬಿಟ್ಟರೆ ಹೆಚ್ಚೇನೂ ಬರುವುದಿಲ್ಲ. ಆದರೂ ಬೀದಿಯಲ್ಲಿ ನಾಲ್ಕು ಜನ ನನ್ನನ್ನು ಸಾರ್ ಎನ್ನುತ್ತಾರೆ. ಈ ಮರ್ಯಾದೆಯನ್ನು ಒಂದು ದಿನದ ಮಟ್ಟಿಗೆ ಮನೆಯಲ್ಲೇ ಬಿಟ್ಟು ಹೋಗಬೇಕಾದ ಪ್ರಸಂಗ ನನ್ನ ಮಗಳು ಸಹನಾ ಕಾಲೇಜು ಸೇರುವಾಗ ಬಂತು.

ಸಹನಾಗೆ ನರ್ಸಿಂಗ್ ಓದಬೇಕೆಂದು ಆಸೆ. ಸೀಟು ಸಿಕ್ಕಿದ್ದು ಸಿರಾದ ಒಂದು ಖಾಸಗಿ ಕಾಲೇಜಿನಲ್ಲಿ. ಇಂಥ ಕಾಲೇಜುಗಳಲ್ಲಿ ಫೀಸು ಎನ್ನುವುದು ಬೋರ್ಡಿನ ಮೇಲೆ ಬರೆದಿರುವ ಸಂಗತಿಯಲ್ಲ. ಮುಖ ನೋಡಿ ಹೇಳುವಂಥದ್ದು. ಪಾವಗಡದ ಕಡೆಯವರಾದರೆ ಮೊದಲು ಊರು ಯಾವುದೆಂದು ಕೇಳುತ್ತಾರೆ. ಬಲಸಮುದ್ರದ ಸುತ್ತಮುತ್ತ ಎಂದರೆ, ಜಮೀನು ಸೋಲಾರ್ ಪಾರ್ಕಿಗೆ ಹೋಗಿ ವರ್ಷವರ್ಷ ಬಾಡಿಗೆ ಬರುತ್ತಿದೆಯಾ ಎಂಬುದು ಎರಡನೆಯ ಪ್ರಶ್ನೆ. ಹೌದು ಎಂದವರಿಗೆ ಒಂದು ಫೀಸು, ಇಲ್ಲ ಎಂದವರಿಗೆ ಇನ್ನೊಂದು. ನನ್ನ ಭಾವಮೈದ ಜಂಬದಿಂದ ಹೌದು ಎಂದು ಬಂದವನು, ಆ ಒಂದು ಮಾತಿಗೆ ಈಗಲೂ ಕಂತು ಕಟ್ಟುತ್ತಿದ್ದಾನೆ. ನಾವು ಹಾಗೆ ಮೋಸ ಹೋಗಬಾರದೆಂದು ನನ್ನ ಹೆಂಡತಿ ಗಿರಿಜಾ ಮೊದಲೇ ತಯಾರಿ ನಡೆಸಿದಳು. ತನ್ನ ಬಳೆ ಬಿಚ್ಚಿಟ್ಟು, ಸರದ ಬದಲು ಅರಿಶಿನದ ದಾರ ಹಾಕಿಕೊಂಡಳು. ನನಗೆ ಗಾಡಿ ಒರೆಸಲೆಂದು ಇಟ್ಟಿದ್ದ ಅಂಗಿಯನ್ನು ಒಗೆದು ಕೊಟ್ಟಳು. "ಅಲ್ಲೋಗಿ ನೆಟ್ಟಗೆ ಕುಂತ್ಕಬೇಡಿ, ವಸಿ ಬಗ್ಗಿ ಕುಂತ್ಕಳಿ," ಎಂದಳು. ಸಹನಾ ಮಾತ್ರ ನಮ್ಮಿಬ್ಬರ ವೇಷ ನೋಡಿ ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕೂತಳು.

ಕಾಲೇಜಿನ ಸೆಕ್ರೆಟರಿಯವರ ಕೋಣೆಯ ಹೊರಗೆ ಒಂದು ಬೆಂಚು. ಅಲ್ಲಿ ನನ್ನ ಪಕ್ಕ ಕೂತಿದ್ದವರು ಸಿರಾದಲ್ಲೇ ಟಾರ್ಪಾಲು ಅಂಗಡಿ ಇಟ್ಟಿರುವ ಬಾಷಾ ಭಾಯ್. ದೊಡ್ಡ ಮಗಳನ್ನು ಇಲ್ಲೇ ಓದಿಸುತ್ತಿದ್ದು, ಈಗ ಎರಡನೆಯವಳನ್ನು ಸೇರಿಸಲು ಬಂದಿದ್ದರು. ಅವರ ಅಂಗಿ ನನ್ನದಕ್ಕಿಂತ ಹಳೆಯದಾಗಿತ್ತು. ಅನುಭವಸ್ಥರೆಂದು ಆಗಲೇ ತಿಳಿಯಿತು. "ಕ್ಯಾ ಬೋಲ್ನಾ ಸಾಬ್," ಎಂದು ಶುರುಮಾಡಿದರು. "ಸರ್ಕಾರ ಸ್ಕಾಲರ್‌ಶಿಪ್ ಜಾಸ್ತಿ ಮಾಡ್ತು ಅಂತ ಮನೇಲಿ ಎಲ್ಲಾರೂ ಖುಷಿ ಪಟ್ವಿ. ಅದೇ ತಿಂಗ್ಳು ಇವ್ರು ಲ್ಯಾಬ್ ಫೀಸು ಜಾಸ್ತಿ ಮಾಡಿದ್ರು. ಆ ದುಡ್ಡು ನಮ್ ಮನೆ ಮುಂದೆ ಹಾದು ಹೋಯ್ತು, ಒಳಗೆ ಬರ್ಲೇ ಇಲ್ಲ." ನಾನು ಅಯ್ಯೋ ಪಾಪ ಎಂದೆ. ಬೇರೆಯವರ ಕಷ್ಟ ಕೇಳುವಾಗ ಅದರಿಂದ ಪಾಠ ಕಲಿಯಬೇಕೆಂದು ನನಗೆ ಯಾವತ್ತೂ ಹೊಳೆದದ್ದಿಲ್ಲ.

ಸೆಕ್ರೆಟರಿಯವರು ಪಾವಗಡದ ಕಡೆಯವರು, ಮಾತಿನ ನಡುವೆ ತೆಲುಗು ಇಣುಕುತ್ತಿತ್ತು. ಅವರು ಸಹನಾಳ ಅಂಕಪಟ್ಟಿ ನೋಡಿದರು, ಆಮೇಲೆ ನನ್ನ ಚಪ್ಪಲಿ ನೋಡಿದರು. ಚಪ್ಪಲಿಯನ್ನೇ ಹೆಚ್ಚು ಹೊತ್ತು ನೋಡಿದರು. "ಮಾರ್ಕ್ಸು ಬಾಗುಂದಿ. ನಿನ್ ಪರಿಸ್ಥಿತೀನೂ ಕಾಣ್ತೈತೆ. ಹದಿನೈದು ಸಾವಿರ ಬಿಡ್ತೀನಿ, ಪೋ," ಎಂದರು. ನಾನು ಬಗ್ಗಿ ಕೂತಿದ್ದವನು ಇನ್ನಷ್ಟು ಬಗ್ಗಿದೆ. ಇನ್ನು ಉಳಿದದ್ದು ಹಾಸ್ಟೆಲಿನ ಖರ್ಚು. ಹಾಸ್ಟೆಲ್ ಇಲ್ಲದಿದ್ದರೆ ಹುಡುಗಿ ದಿನಾ ಮಧುಗಿರಿಯಿಂದ ಸಿರಾಕ್ಕೆ ಬಸ್ಸಿನಲ್ಲಿ ಓಡಾಡಬೇಕು. ಅದಕ್ಕೂ ದಾರಿಯಿತ್ತು. ನಮ್ಮ ಜನಾಂಗದ ಸಂಘದವರು ಪ್ರತಿವರ್ಷ ಒಬ್ಬ ವಿದ್ಯಾರ್ಥಿಗೆ ಹದಿನೈದು ಸಾವಿರದ ಸ್ಕಾಲರ್‌ಶಿಪ್ ಕೊಡುತ್ತಾರೆ, ಆ ಸಲ ಸಹನಾಗೇ ಎಂದು ತೀರ್ಮಾನವಾಗಿತ್ತು. ಯಾವ ಜನಾಂಗ ಎಂದು ಹೇಳುವುದಿಲ್ಲ, ಹೇಳಿದರೆ ನಿಮ್ಮಲ್ಲಿ ಕೆಲವರು ನೆಂಟರಾಗಿಬಿಡುತ್ತೀರಿ. ಅಂತೂ ಫೀಸು ಇಳಿಯಿತು, ಹಾಸ್ಟೆಲಿಗೆ ದುಡ್ಡಾಯಿತು. ಇಲ್ಲಿಗೆ ನಾನು ಸುಮ್ಮನೆ ಇದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು.

ಸಂಘದ ಪ್ರತಿಭಾ ಪುರಸ್ಕಾರ ಎಂದರೆ ಊಟದ ಸಮಾರಂಭ. ಊಟದ ಖರ್ಚನ್ನು ಮುಖ್ಯ ಅತಿಥಿಗಳು ಹಾಕಿಕೊಳ್ಳಬೇಕೆಂಬುದು ಎಲ್ಲೂ ಬರೆದಿಡದ ನಿಯಮ. ಸಭೆಯಲ್ಲಿ ಅಧ್ಯಕ್ಷರಾದ ರಂಗಪ್ಪನವರು, "ಹೋಳಿಗೆ ಊಟ ಹಾಕ್ಸೋ ಅಂತ ಗಿರಾಕಿ ಯಾರಾದ್ರೂ ಇದ್ರೆ ಹೇಳ್ರಪ್ಪಾ, ಕರೆಯಣ," ಎಂದರು. ನನಗೆ ಏನಾಯಿತೋ, ಎದ್ದು ನಿಂತು ಸೆಕ್ರೆಟರಿಯವರ ಹೆಸರು ಹೇಳಿಬಿಟ್ಟೆ. ನನ್ನ ಲೆಕ್ಕಾಚಾರ ಇಷ್ಟೆ. ಮೈಸೂರು ಪೇಟ ಇಟ್ಟು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗೆ ಕೊಟ್ಟರೆ ಮನುಷ್ಯ ಕರಗದೇ ಇರುತ್ತಾನೆಯೇ? ಇನ್ನೂ ಒಂದೈದು ಸಾವಿರ ಬಿಟ್ಟಾನು. ಎಲ್ಲರೂ ಚಪ್ಪಾಳೆ ತಟ್ಟಿದರು. ಗಿರಿಜಾಳನ್ನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ.

ಸೆಕ್ರೆಟರಿಯವರು ಕಾರಿನಲ್ಲಿ ಬಂದರು. ಪೇಟ ಅವರಿಗೆ ಚೆನ್ನಾಗಿ ಒಪ್ಪಿತು. ಮಗಳಿಗೆ ಸನ್ಮಾನವೆಂದರೆ ಅಪ್ಪ ಅಮ್ಮ ವೇದಿಕೆಗೆ ಹೋಗಬೇಕಲ್ಲ. ಗಿರಿಜಾ ರೇಷ್ಮೆ ಸೀರೆ ಉಟ್ಟು, ಬಿಚ್ಚಿಟ್ಟ ಬಳೆಯ ಜೊತೆಗೆ ತಂಗಿಯ ಬಳೆಯನ್ನೂ ಹಾಕಿಕೊಂಡಿದ್ದಳು. ನಾನು ಭಾವಮೈದನಿಂದ ಕೋಟು ತಂದಿದ್ದೆ. ಸಂಘದವರು ಚೆಕ್ಕನ್ನು ಥರ್ಮಾಕೋಲಿನಲ್ಲಿ ಬಾಗಿಲಿನಷ್ಟು ದೊಡ್ಡದಾಗಿ ಮಾಡಿಸಿದ್ದರು. ಓದು ಬಾರದ ನನ್ನ ಸೋದರತ್ತೆಗೂ ಮೊತ್ತ ದೂರದಿಂದಲೇ ತಿಳಿಯಿತು. ಅದರ ಒಂದು ತುದಿಯನ್ನು ಸಹನಾ, ಇನ್ನೊಂದು ತುದಿಯನ್ನು ಸೆಕ್ರೆಟರಿಯವರು ಹಿಡಿದುಕೊಂಡರು. ಫೋಟೋದವನು ಸ್ವಲ್ಪ ನಗಿ ಸಾರ್ ಎಂದಾಗ ಅವರು ಮೊತ್ತವನ್ನು ಓದುತ್ತಿದ್ದರು. ಆಮೇಲೆ ನನ್ನ ಕೋಟು ನೋಡಿದರು, ಗಿರಿಜಾಳ ಬಳೆ ನೋಡಿದರು, ನಕ್ಕರು. ಫೋಟೋ ಚೆನ್ನಾಗಿ ಬಂದಿದೆ, ಈಗಲೂ ನಮ್ಮ ಮನೆಯ ಗೋಡೆಯ ಮೇಲಿದೆ.

ಮುಂದಿನ ವಾರ ಫೀಸು ಕಟ್ಟಲು ಹೋದೆ. ಬಿಟ್ಟಿದ್ದ ಹದಿನೈದು ಸಾವಿರ ವಾಪಸು ಸೇರಿಕೊಂಡಿತ್ತು. "ಸಾರ್, ಅವತ್ತು ಬಿಡ್ತೀನಿ ಅಂದಿದ್ರಿ," ಎಂದೆ. "ಅವತ್ತು ನಿನ್ ಹತ್ರ ಇರ್ಲಿಲ್ಲ ಕಣಪ್ಪ. ಈಗ ಬಂದೈತೆ, ನಾನೇ ಕೊಟ್ಟಿದೀನಿ," ಎಂದರು. "ಇರೋರಿಗೆ ಬಿಟ್ರೆ ಇಲ್ದೋರಿಗೆ ಏನ್ ಮಾಡ್ಲಿ, ನೀನೇ ಹೇಳು." ನ್ಯಾಯವಾದ ಮಾತು. ಎಣ್ಣೆ ಮಿಲ್ಲಿನಲ್ಲಿ ಇಷ್ಟು ವರ್ಷ ಲೆಕ್ಕ ಬರೆದ ನಾನು ಕೂಡಿ ಕಳೆದು ನೋಡಿದೆ, ಲೆಕ್ಕ ಸರಿಯಾಗಿಯೇ ಇತ್ತು. ಸಂಘದ ದುಡ್ಡನ್ನು ಅವರ ಮೇಜಿನ ಮೇಲಿಟ್ಟು ಬಂದೆ. ರಂಗಪ್ಪನವರ ಬಳಿ ದೂರಿದರೆ ಅವರು, "ಬುಡಪ್ಪ, ಮುಂದಿನ ವರ್ಷದಿಂದ ಸ್ಕಾಲರ್‌ಶಿಪ್ಪನ್ನ ಇಪ್ಪತ್ ಸಾವ್ರ ಮಾಡ್ಬುಡಣ," ಎಂದು ಸಮಾಧಾನ ಹೇಳಿ, ಅದಕ್ಕಾಗಿ ಸದಸ್ಯರ ಚಂದಾ ಏರಿಸಿದರು. ನಾನೂ ಸದಸ್ಯ. ಸ್ಕಾಲರ್‌ಶಿಪ್ ಏರಿಸಿದ ಸುದ್ದಿ ಕೇಳಿ ಬಹಳ ಸಂತೋಷಪಟ್ಟವರು ಸೆಕ್ರೆಟರಿಯವರೇ ಎಂದು ಆಮೇಲೆ ತಿಳಿಯಿತು.

ಹಾಸ್ಟೆಲ್ ತಪ್ಪಿತು. ಸಹನಾ ಬೆಳಗಿನ ಬಸ್ಸಿಗೆ ಹೋಗಿ, ಆಸ್ಪತ್ರೆಯಲ್ಲಿ ನಿಂತೇ ಡ್ಯೂಟಿ ಮಾಡಿ, ಕತ್ತಲಾದ ಮೇಲೆ ಬರುತ್ತಿದ್ದಳು. ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದಳು, ಮುದ್ದೆ ಮುರಿದ ಕೈ ಹಾಗೆಯೇ ಇರುತ್ತಿತ್ತು. ಪರೀಕ್ಷೆಯಲ್ಲಿ ಒಂದು ವಿಷಯ ಹೋಯಿತು. ಓದು ಬಿಟ್ಟುಬಿಡಲೇ ಎಂದು ಒಂದು ದಿನ ಅವಳ ಅಮ್ಮನನ್ನು ಕೇಳಿದಳಂತೆ. ಆ ದಿನಗಳಲ್ಲಿ ಗೋಡೆಯ ಮೇಲಿದ್ದ ಫೋಟೋದ ಕಡೆ ಬೆನ್ನು ಹಾಕಿಯೇ ನಾನು ಪೇಪರು ಓದುತ್ತಿದ್ದೆ.

ವರ್ಷದ ಮಧ್ಯದಲ್ಲಿ ಒಂದು ದಿನ ಗಿರಿಜಾ ಮಗಳ ಹಾಸಿಗೆ ಕಟ್ಟುತ್ತಿದ್ದಳು. ಏನೆಂದು ಕೇಳಿದರೆ, "ಚೀಟಿ ಎತ್ತಿವ್ನಿ, ಹಾಸ್ಟೆಲ್ಗೆ ಸೇರಿಸ್ತೀನಿ," ಎಂದಳು. ಎಂಥ ಹೆಂಗಸು ಎಂದು ಮೆಚ್ಚಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ನಾನೇ ಹಾಸಿಗೆ ಹೊತ್ತೆ. ಸಹನಾಳ ಮುಖಕ್ಕೆ ಕಳೆ ಬಂತು, ಹೋಗಿದ್ದ ವಿಷಯವನ್ನೂ ಪಾಸು ಮಾಡಿಕೊಂಡಳು.

ಎರಡನೆಯ ವರ್ಷದ ಫೀಸಿಗೆ ಮೂವರೂ ಹೋದೆವು. ಈ ಸಲ ಗಾಡಿ ಒರೆಸುವ ಅಂಗಿ ಹಾಕಲಿಲ್ಲ. ಆ ವೇಷ ಹೇಗೂ ಮುಗಿದಿತ್ತಲ್ಲ. ಸೆಕ್ರೆಟರಿಯವರು ಕನ್ನಡಕ ಮೇಲೇರಿಸಿ, "ಈ ವರ್ಷ ಏನಾದ್ರೂ ಬಂತಾ? ಸಂಘದ್ದು? ಸರ್ಕಾರದ್ದು?" ಎಂದು ನನ್ನನ್ನೇ ಕೇಳಿದರು. "ಏನೂ ಬಂದಿಲ್ಲ ಸಾರ್," ಎಂದೆ. "ಮತ್ತೆ ಹಾಸ್ಟೆಲ್ಲು?" "ಇವಳು ಚೀಟಿ ಎತ್ತಿದ್ಲು ಸಾರ್. ಕಂತು ಹೆಂಗೆ ಕಟ್ತಾಳೋ ನಂಗೂ ಗೊತ್ತಿಲ್ಲ." ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಚಪ್ಪಲಿ ನೋಡಲೇ ಇಲ್ಲ. ಕೊನೆಗೆ, "ಪಾಪಂ," ಎಂದು ಹದಿನೈದು ಸಾವಿರ ಬಿಟ್ಟರು.

ಬಸ್ಸು ಬಡವನಹಳ್ಳಿ ದಾಟುವವರೆಗೂ ನಾನು ನನ್ನ ಮಾತುಗಾರಿಕೆಯನ್ನೇ ವರ್ಣಿಸುತ್ತಿದ್ದೆ. ವೇಷಭೂಷಣ ಮುಖ್ಯವಲ್ಲ, ಮುಖದಲ್ಲಿ ಭಾವ ತರುವುದು ಮುಖ್ಯ ಎಂದೆ. ತಾಯಿ ಮಗಳು ಕಿಟಕಿಯ ಕಡೆ ತಿರುಗಿ ನಗುತ್ತಿದ್ದರು. ಆಮೇಲೆ ಸಹನಾ ಹೇಳಿದಳು. ಚೀಟಿಯೂ ಇಲ್ಲ, ಕಂತೂ ಇಲ್ಲ. ಅಮ್ಮ ನಾಡಕಚೇರಿಗೆ ಅಲೆದು ಆದಾಯ ಪ್ರಮಾಣಪತ್ರ ಮಾಡಿಸಿದ್ದಳು, ಸರ್ಕಾರದ ಸ್ಕಾಲರ್‌ಶಿಪ್ ಮಗಳ ಖಾತೆಗೇ ಬಂದಿತ್ತು, ಹಾಸ್ಟೆಲ್ ನಡೆದದ್ದು ಅದರಲ್ಲಿ. ನನಗೆ ಬೇಸರವಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು. ಕಣ್ಣು ಒರೆಸಿಕೊಂಡು, "ಹೆತ್ತಪ್ಪನಿಗೆ ಒಂದು ಮಾತು ಹೇಳಬಾರದಾಗಿತ್ತೇನೇ?" ಎಂದೆ.

"ಹೇಳಿದ್ರೆ ನೀನು ಯಾರ್ನಾದ್ರೂ ಚೀಫ್ ಗೆಸ್ಟ್ ಮಾಡ್ಬುಡ್ತಿದ್ದೆ ಕಣಪ್ಪ," ಎಂದಳು ಸಹನಾ. "ಅದೂ ಅಲ್ದೆ ಸುಳ್ಳೇಳಕ್ಕೆ ನಿಂಗೆ ಬರಲ್ಲ. ಗೊತ್ತಿಲ್ದಿದ್ರೆ ಚೆನ್ನಾಗಿ ಹೇಳ್ತೀಯ."

ಅಂದಿನಿಂದ ಅಭ್ಯಾಸವಾಗಿದೆ. ನಾನು ಮನೆಯೊಳಗೆ ಕಾಲಿಟ್ಟ ಕೂಡಲೇ ತಾಯಿ ಮಗಳು ಮಾತು ನಿಲ್ಲಿಸಿದರೆ, ನಮಗೆ ಏನೋ ಒಳ್ಳೆಯದಾಗಿದೆ ಎಂದುಕೊಂಡು ಕೈಕಾಲು ತೊಳೆಯಲು ಹೋಗುತ್ತೇನೆ.